ಇಲ್ಫರ್ಡಿನ ಮಹಡಿ ಮನೆ

ಅಕ್ಕಾ,

ನೆಗಡಿ ಇಳಿದಿದೆ, ಚಿಂತೆ ಬೇಡ. ಇಲ್ಫರ್ಡ್‌ನಲ್ಲಿ ನಮ್ಮ ಕೈಗೆಟುಕುವ ಬಾಡಿಗೆಗೆ ಕೊನೆಗೂ ಒಂದೇ ಒಂದು ಮನೆ ಕಂಡಿತು. ಸ್ಟೇಷನ್ ಹತ್ತಿರದ ಫ್ಲ್ಯಾಟ್‌ಗಳಿಗೆ ಇದರ ಒಂದೂವರೆ ಪಟ್ಟು ಕೇಳುತ್ತಾರೆ. ಈ ಪರದೇಶದಲ್ಲೂ ಮನೆಯೊಡತಿ ಕುಂದಾಪುರದ ರಾಜೀವಿಯಮ್ಮ, ಕೆಳಗೇ ಇರುತ್ತಾರೆ. ಅವರು ಬಾಯಿ ತೆರೆಯುವ ಮೊದಲೇ ನಾನು, "ನಾವು ಮೀನು, ಮಾಂಸ ಮುಟ್ಟಲ್ಲಮ್ಮ" ಎಂದುಬಿಟ್ಟೆ. ಅವರ ಮುಖ ಬಾಡಿತು.

"ಹಂಗಾರೆ ಈ ಮನಿ ನಿಮ್ಗೆ ಆಪ್ದಲ್ಲ. ನಮ್ಮಲ್ಲಿ ದಿನಾ ಮೀನ್ ಸಾರ್, ವಾಸ್ನಿ ಮೇಲೇ ಬತ್ತ್."

"ಇಲ್ಲಮ್ಮ, ತಿಂತೀವಿ" ಎಂದೆ.

"ಮತ್ತೆಂತಕ್ಕೆ ಸುಳ್ಳ್ ಹೇಳಿದ್ರಿ? ಬೆಂಗ್ಳೂರಂಗ್ ಬಾಡ್ಗಿಗಿದ್ದವ್ರಾ?" ಎಂದು ನಕ್ಕರು.

ಮನೆ ಕೊಡಲು ಒಪ್ಪಿದ್ದಾರೆ. ಬೆಂಗಳೂರಿನ ಮನೆಯೊಡೆಯರಿಗೆ ಹೇಳಿ ಹೇಳಿ ರೂಢಿಯಾದ ಆ ಸುಳ್ಳು ಇಲ್ಲೂ ಕೇಳುವ ಮೊದಲೇ ಬಾಯಿಗೆ ಬಂದದ್ದನ್ನು ಇನ್ನೂ ಯೋಚಿಸುತ್ತಿದ್ದೇನೆ. ಶನಿವಾರ ಹೋಗುತ್ತೇವೆ, ಅಂದಿನ ಊಟ ಅವರಲ್ಲೇ.

ಶಮಂತ