ಅಬ್ಬಿಯ ತಪ್ಪಿಗೊಂದು ಹಾಡು

ಮರವಂತೆ
19 ಜುಲೈ, ಭಾನುವಾರ

ಚೇತನಾ ಮಗಾ,

ಕೇಳುಗರು ಪತ್ರ ಬರೆಯಿರಿ ಎಂದು ರೇಡಿಯೋದಲ್ಲಿ ವಾರ ವಾರ ಕರೆಯುತ್ತೀಯಲ್ಲ, ಇಗೋ, ಬರೆದೆ. ನನ್ನ ಫೋನು ನೀನು ಎತ್ತುವುದಿಲ್ಲ. ಬ್ರಹ್ಮಾವರದ ಸ್ಟುಡಿಯೋ ವಿಳಾಸಕ್ಕೆ ಕಳಿಸಿದರೆ ಒಡೆದು ನೋಡಲೇಬೇಕು. ಆದರೆ ಇದನ್ನು ಮೈಕಿನ ಮುಂದೆ ಓದಬೇಡ. ಊರ ಬಾಯಿಗೆ ಬೀಳಲು ನನಗೆ ಮನಸ್ಸಿಲ್ಲ.

ನಿನ್ನ ಟ್ಯಾಂಗೋ ಹಾಡುಗಳ ಕಾರ್ಯಕ್ರಮ ತಪ್ಪದೆ ಕೇಳುತ್ತೇನೆ. ಮಳೆಗೆ ದೋಣಿಗಳೆಲ್ಲ ಮೇಲೆ ಬಂದಿವೆ, ಹಸಿಮೀನಿಲ್ಲ. ನಾನೂ ನೆರೆಮನೆಯ ಬಾಗಿಯೂ ಮಾರುವ ಒಣಮೀನು ಮುಂದಿಟ್ಟುಕೊಂಡು ಕೂತು ಕೇಳುವುದು. ಅರ್ಜೆಂಟೀನಾ ಎಲ್ಲಿದೆಯೋ, ಆ ಭಾಷೆಯ ತಲೆಬುಡ ನಮಗೆ ತಿಳಿಯುವುದಿಲ್ಲ. ನೀನು ಅರ್ಥ ಹೇಳಿದ ಮೇಲೆ ಎಲ್ಲ ನಮ್ಮ ಕೇರಿಯದೇ ಕಥೆ. ನಿನ್ನ ಗಂಡ ಹಡಗಿನಲ್ಲಿ ಅಡುಗೆ ಮಾಡುತ್ತಿದ್ದಾಗ ಅಲ್ಲಿಂದ ಈ ಹಾಡುಗಳನ್ನು ಕಲಿತು ಬಂದ ಎಂದೆಯಲ್ಲ, ಆಗ ಮಾತ್ರ ನಾನು ತಕ್ಕಡಿ ಸರಿಮಾಡುತ್ತಿದ್ದೆ. ಅವನ ಹೆಸರು ಸರಿಯಾಗಿ ಕಿವಿಗೆ ಬೀಳಲಿಲ್ಲ.

ನನಗೊಂದು ಸಿಟ್ಟಿದೆ ಮಾರಾಯ್ತಿ. ಆ ಹಾಡುಗಳ ಅಮ್ಮಂದಿರೆಲ್ಲ ಒಂದೇ ನಮೂನೆ. ಮಗ ಪೇಟೆಯ ಮೋಜಿಗೆ ಬಿದ್ದು ಹೋಗುತ್ತಾನೆ, ತಾಯಿ ಕಂಡವರ ಬಟ್ಟೆ ಒಗೆದು ಕಾಯುತ್ತಾಳೆ, ಅವನು ಬುದ್ಧಿ ಬಂದು ಮರಳುವಾಗ ಅವಳು ಸತ್ತಿರುತ್ತಾಳೆ. ಆಮೇಲೆ ಅತ್ತೂ ಅತ್ತೂ ಹಾಡುತ್ತಾನೆ. ಎಂತಕ್ಕೆ? ತಪ್ಪು ಮಾಡುವುದೆಲ್ಲ ಮಕ್ಕಳೇ? ಅಮ್ಮ ತಪ್ಪು ಮಾಡಿದ ಹಾಡು ಆ ದೇಶದಲ್ಲಿ ಒಂದೂ ಇಲ್ಲವಾ? ಇದ್ದರೆ ಹುಡುಕಿ ಹಾಕು.

ಇವತ್ತು ಬೆಳಿಗ್ಗೆ ನೀನು, ತಾಯಿಯ ಮನೆಗೆ ಮಾತ್ರ ಅಗುಳಿ ಇಲ್ಲ ಎಂಬ ಸಾಲಿನ ಅರ್ಥ ಹೇಳಿ, ಅದನ್ನೇ ಇನ್ನೊಮ್ಮೆ ಹೇಳಿದೆ. ಬಾಗಿ ಸೆರಗಿನಲ್ಲಿ ಮೂಗೊರೆಸಿಕೊಂಡು, "ಸರೋಜಕ್ಕ, ನಿಮ್ ಹೆಣ್ಣಿನ್ ಮಾತ್ ಕೇಂಡ್ ನಂಗ್ ಮರ್ಕುದೇ ಬಂತ್ ಕಾಣಿ" ಎಂದು ಅತ್ತಳು. ನಾನು ಒಣಮೀನಿನ ಘಾಟು ಎಂದು ಎದ್ದು ಹೋದೆ. ಆಗಿನಿಂದ ಕೂತಲ್ಲಿ ಕೂರಲಾಗುತ್ತಿಲ್ಲ, ಅಂಗಳಕ್ಕೂ ಒಳಗೂ ತಿರುಗುತ್ತಿದ್ದೇನೆ.

ಮದುವೆಯ ಮಾರನೇ ದಿನ ನೀವಿಬ್ಬರೂ ಬಂದಾಗ ಬಾಗಿಲು ಹಾಕಿತ್ತು, ನಿಜ. ನಾನು ಶಿರೂರಿನ ಅಕ್ಕನ ಮನೆಗೆ ಹೋಗಿದ್ದೆ ಎಂದು ಆಗಲೇ ಎಲ್ಲರಿಗೂ ಹೇಳಿದ್ದೇನೆ. ಒಮ್ಮೆ ಮದುವೆ ಮುರಿದುಕೊಂಡವನ ಕೈಗೆ ಮಗಳನ್ನು ಹೇಗೆ ಕೊಡಲಿ ಎಂದು ಹೆದರಿದ್ದೂ ನಿಜ. ಹೆತ್ತ ಹೊಟ್ಟೆಗೆ ಅಷ್ಟೂ ಹೆದರಿಕೆ ಬೇಡವಾ?

ಮೊನ್ನೆ ಆಸಾಡಿ ತಿಂಗಳು ಹುಟ್ಟಿತು. ಮೊದಲ ಆಸಾಡಿಗೆ ಹೆಣ್ಣು ತವರಿನಲ್ಲಿರಬೇಕು. ನಮ್ಮ ಕೇರಿಯ ಪುಷ್ಪನ ಮಗಳು ಬಂದಾಯ್ತು. ಅಮಾವಾಸ್ಯೆಗೆ ಹೊಸ ಜೋಡಿಗಳು ಎಲ್ಲೆಲ್ಲಿಂದಲೋ ನಮ್ಮ ಮರವಂತೆಗೆ ಸಮುದ್ರ ಮೀಯಲು ಬರುತ್ತವೆ; ನಮ್ಮ ಮನೆಯ ಜೋಡಿ ಬ್ರಹ್ಮಾವರದಲ್ಲಿ ಬಾವಿನೀರು ಮೀಯುವುದಾ? ಅವನನ್ನೂ ಕರೆದುಕೊಂಡು ಬಾ. ನಾನು ಸತ್ತ ಮೇಲೆ ಬಂದು ಅಳಬೇಡ ಮಗಾ, ಬದುಕಿರುವಾಗಲೇ ಬಂದು ಬೈದು ಹೋಗು.

ಇನ್ನೂ ಗಟ್ಟಿಮುಟ್ಟಾಗಿಯೇ ಇರುವ
ನಿನ್ನ ಅಬ್ಬಿ,
ಸರೋಜ

ಮೇಲೆ ಬರೆಯದೆ ಬಿಟ್ಟದ್ದು, ಈಗ ಬರೆಯುತ್ತೇನೆ: ನಾನು ಶಿರೂರಿಗೆ ಹೋಗಿರಲಿಲ್ಲ. ಅಗುಳಿ ಹಿಡಿದುಕೊಂಡು ಬಾಗಿಲ ಹಿಂದೆಯೇ ಕೂತಿದ್ದೆ. "ಅಬ್ಬೀ, ಒಳ್ಗಿದ್ಯಾ?" ಎಂದು ನೀನು ಕರೆದದ್ದು ಕೇಳಿತು. ಇರಲಿ, ಅವರಿಗೆ ಬೇಜಾರು ಮಾಡುವುದು ಬೇಡ ಎಂದು ನಿನ್ನ ಗಂಡ ಶೈಲೇಶ ನಿನಗೆ ಹೇಳಿದ್ದೂ ಕೇಳಿತು. ಮೈಕಿನ ಮುಂದೆ ಓದಬೇಡ ಎಂದು ಮೇಲೆ ಬರೆದಿದ್ದೇನಲ್ಲ, ಅದನ್ನು ಬಿಡು. ಬರುವ ಭಾನುವಾರ ಇದನ್ನು ಪೂರ್ತಿ ಓದು. ಬಾಗಿಯ ಪಕ್ಕದಲ್ಲೇ ಕೂತು ಕೇಳುತ್ತೇನೆ. ಈ ಸಲ ಎದ್ದು ಹೋಗುವುದಿಲ್ಲ.