1971ರ ನಡಾವಳಿ ಪುಸ್ತಕ

ಫೆಬ್ರವರಿ 6, 2024, ಮಂಗಳವಾರ
ಶನಿವಾರದ ಪಂದ್ಯದ ಕಾರ್ಯಕ್ರಮ ಪತ್ರಿಕೆ ಪ್ರೆಸ್ಸಿಗೆ ಹೋಯಿತು. ಮತ್ತೆ ನಮ್ಮ ಫುಟ್‌ಬಾಲ್ ಕ್ಲಬ್ಬಿನ ನೂರು ವರ್ಷದ ಇತಿಹಾಸದ ಪುಸ್ತಕಕ್ಕೆ ಕೂತೆ. ನಾಲ್ಕು ಅಧ್ಯಾಯ ಮುಗಿದವು. 1924ರಲ್ಲಿ ಇಟ್ಟಿಗೆ ಗೂಡಿನ ಕೆಲಸಗಾರರು ಮಣ್ಣು ತೆಗೆದ ಹಳ್ಳವನ್ನೇ ತುಂಬಿಸಿ ಮೈದಾನ ಮಾಡಿದ್ದು. ಸಮ ಮಾಡಲು ಕೊನೆಗೂ ಆಗದ್ದು. ಯುದ್ಧದ ಕಾಲದಲ್ಲಿ ಪೆನಾಲ್ಟಿ ಬಾಕ್ಸಿನಲ್ಲಿ ಆಲೂಗೆಡ್ಡೆ ಬೆಳೆದದ್ದು. ನಮ್ಮ ಆಸ್ಕರ್ಬಿ ಟೌನ್ ತಂಡ ದೊಡ್ಡ ಲೀಗಿನ ಮುಖ ಕಂಡದ್ದಿಲ್ಲ. ಒಂದೇ ಒಂದು ದಿನ ಬಿಟ್ಟು.

ಆ ದಿನಕ್ಕಾಗಿ ಹಸಿರು ರಟ್ಟಿನ ನಡಾವಳಿ ಪುಸ್ತಕಗಳ ಕಪಾಟು ತೆಗೆದೆ. 1969 ಇದೆ. 70 ಇದೆ. 72 ಇದೆ.
71 ಇಲ್ಲ.

ಪುಸ್ತಕ ಇದ್ದ ಜಾಗದಲ್ಲಿ ಧೂಳಿಲ್ಲ. ಅಂದರೆ ಈಚೆಗೆ ತೆಗೆದದ್ದು. ಕಪಾಟಿನ ಕೀ ಇರುವುದು ಮೂವರ ಹತ್ತಿರ. ನಾನು. ಅಧ್ಯಕ್ಷ ಕ್ಲಿಫರ್ಡ್ ಟೀಲ್. ಚಹಾದಂಗಡಿಯ ಮೇವಿಸ್ ರಡ್ಜ್.
ನಾನಂತೂ ತೆಗೆದಿಲ್ಲ.

ಫೆಬ್ರವರಿ 10, ಶನಿವಾರ
0–2. ಎರಡನೇ ಗೋಲು ಆಫ್‌ಸೈಡ್. ಬಂದವರು ನೂರಾ ಹದಿನಾಲ್ಕು ಜನ, ಎರಡು ನಾಯಿ.

ಪಂದ್ಯ ಮುಗಿದ ಮೇಲೆ ಕ್ಲಿಫರ್ಡ್‌ನನ್ನು ಹಿಡಿದೆ. ಎಂಬತ್ತಮೂರಾದರೂ ಕಾಲರ್ ಎತ್ತಿ ನಿಲ್ಲುವುದು ಬಿಟ್ಟಿಲ್ಲ. 71ರ ಆ ದಿನ ನಮ್ಮ ಕ್ಯಾಪ್ಟನ್ ಅವನೇ.

“71ರ ಪುಸ್ತಕ ಸಿಗ್ತಿಲ್ಲ. ನೀವೇನಾದ್ರೂ ನೋಡಿದ್ರಾ?”
“ಹಳೇ ಪುಸ್ತಕ. ಇಲಿ ತಿಂದಿರ್ಬೇಕು.”
“ಒಂದೇ ಪುಸ್ತಕಾನ ಆರಿಸ್ಕೊಂಡು ತಿಂತಾ?”
ನಗಲಿಲ್ಲ. “ಡೆರಿಕ್, ಅದನ್ನ ಯಾಕೆ ಕೆದಕ್ತೀಯ? ನಾವು ಆಡಿದ್ವಿ, ಸೋತ್ವಿ ಅಂತ ಬರಿ. ಒಂದು ಫೋಟೋ ಹಾಕು. ಸಾಕು.”

ಮಾತು ಮುಗಿಯುವ ಮೊದಲೇ ಕೋಟಿನ ಗುಂಡಿ ಹಾಕಿಕೊಳ್ಳತೊಡಗಿದ್ದ. ಏನೋ ಇದೆ.

ಫೆಬ್ರವರಿ 13
ಇದ್ದದ್ದನ್ನು ಇದ್ದ ಹಾಗೆ ಒಮ್ಮೆ ಬರೆದಿಡುತ್ತೇನೆ.

ನವೆಂಬರ್ 20, 1971. ಎಫ್.ಎ. ಕಪ್, ಸಣ್ಣ ತಂಡಕ್ಕೂ ದೊಡ್ಡ ಲೀಗಿನವರು ಎದುರಾಗಬಹುದಾದ ಪಂದ್ಯಾವಳಿ. ಮೊದಲ ಸುತ್ತು. ಮೂರನೇ ಡಿವಿಷನ್ನಿನ ತಂಡ ನಮ್ಮ ಇಳಿಜಾರು ಮೈದಾನಕ್ಕೆ ಬಂತು. ಮೂರು ಸಾವಿರ ಜನ. ಎಂಬತ್ತೆಂಟನೇ ನಿಮಿಷದವರೆಗೆ 0–0. ಆಮೇಲೆ ಮಗು ಹಿಡಿಯಬಹುದಾದ ಒಂದು ಚೆಂಡು ಗೋಲ್‌ಕೀಪರ್ ವಾಲ್ಟರ್ ರಡ್ಜ್‌ನ ಕೈಯಿಂದ ಜಾರಿ ಒಳಗೆ ಹೋಯಿತು. ಮುಂದಿನ ವಾರ ಅವನ ಮೈಮೇಲೆ ಹೊಸ ಕೋಟು. ಅಷ್ಟೇ ಸಾಕಾಯಿತು ಊರಿಗೆ. ಸೋಲಲು ದುಡ್ಡು ಕೊಟ್ಟು ಅವನನ್ನು ಕೊಂಡುಕೊಂಡರು ಅಂದರು. ಮನೆ ಕಿಟಕಿಗೆ ಕಲ್ಲು ಬಿತ್ತು. ಕ್ರಿಸ್ಮಸ್ಸಿಗೆ ಮೊದಲೇ ಊರು ಬಿಟ್ಟು ಗ್ರಿಮ್ಸ್‌ಬಿಯ ಮೀನುಕಟ್ಟೆಯಲ್ಲಿ ಕೆಲಸಕ್ಕೆ ಸೇರಿದ. ಮತ್ತೆ ಬರಲಿಲ್ಲ.

ನಾನು ನೋಡಿಲ್ಲ. ಹದಿನೆಂಟು ವರ್ಷ, ಎರಡನೇ ಗೋಲ್‌ಕೀಪರ್. ಶುಕ್ರವಾರದಿಂದ ಹೊಟ್ಟೆನೋವು, ಮನೆಯಲ್ಲಿ ಮಲಗಿದ್ದೆ. ಜನರ ಕೂಗು ಹಾಸಿಗೆವರೆಗೂ ಕೇಳುತ್ತಿತ್ತು. ಆಮೇಲೆ ಒಮ್ಮೆಗೇ ನಿಂತಿತು.

ಪಬ್ಬಿನಲ್ಲಿ ಕೋಟಿನ ಮಾತು ಆಡಿದವರಲ್ಲಿ ನಾನೂ ಒಬ್ಬ.

ಫೆಬ್ರವರಿ 24, ಶನಿವಾರ
ಮೇವಿಸ್ ಬಗ್ಗೆ ಯೋಚಿಸಿಯೇ ಇರಲಿಲ್ಲ. ವಾಲ್ಟರ್‌ನ ತಂಗಿ. ಅಣ್ಣನನ್ನು ಓಡಿಸಿದ ಕ್ಲಬ್ಬಿನಲ್ಲಿ ಮೂವತ್ತು ವರ್ಷದಿಂದ ಚಹಾ ಮಾಡುತ್ತಾಳೆ. ಯಾಕೆ? ಏನನ್ನು ಕಾಯುತ್ತಿದ್ದಾಳೆ?

ಅರ್ಧಾವಧಿ ವಿರಾಮದ ನೂಕು ಸ್ವಲ್ಪ ಕಡಿಮೆಯಾದ ಮೇಲೆ ಹೋದೆ.

“ಮೇವಿಸ್, ಕಪಾಟಿನ ಕೀ ನಿನ್ನ ಹತ್ರಾನೂ ಇದೆ ಅಲ್ವಾ?”
“ಕಪ್ಪು ಬಸಿ ಇರೋ ಕಪಾಟಿಗೂ ಅದೇ ಕೀ. ಯಾಕಪ್ಪಾ, ಏನ್ ಕಳೀತು?”
“71ರ ಪುಸ್ತಕ.”
ಒರೆಸುತ್ತಿದ್ದ ಬಟ್ಟೆ ನಿಂತಿತು. “ಅದಕ್ಕೆ ನನ್ನ ಹತ್ರ ಬಂದ್ಯಾ? ನಮ್ಮನೇಲಿ ಒಬ್ಬನ್ನ ಕಳ್ಳ ಅಂದಿದ್ದು ಸಾಲ್ಲಿಲ್ವಾ ನಿಮಗೆ?”
“ಹಾಗಲ್ಲ...”
“ಹಾಗೇ. ಆ ಕೋಟು ತಂದಿದ್ದು ನಮ್ಮಮ್ಮ. ಯಾಕ್ ಗೊತ್ತಾ? ಪ್ಲಾಸ್ಟರ್ ಹಾಕಿದ ಕೈ ಹಳೇ ಕೋಟಿನ ತೋಳಲ್ಲಿ ತೂರ್ತಿರ್ಲಿಲ್ಲ, ಅದನ್ನ ಯಾರಿಗೂ ತೋರ್ಸಲ್ಲ ಅಂತ ಅವನ ಹಠ. ಬರ್ಕೋ ಅದನ್ನ ನಿನ್ನ ಪುಸ್ತಕದಲ್ಲಿ.”

ಕಿಟಕಿಯ ಹಲಗೆ ದಢಾರನೆ ಇಳಿಯಿತು. ಹಿಂದೆ ಸಾಲಲ್ಲಿದ್ದವರು ನನ್ನನ್ನು ಬೈದರು.

ಫೆಬ್ರವರಿ 25
ಪ್ಲಾಸ್ಟರ್!
ಕೈ ಮುರಿದಿತ್ತು. ಮುರಿದ ಕೈಯಲ್ಲೇ ಆಡಿಸಿದ್ದಾರೆ. ಆಡಿಸಿದವರು ಬಾಯಿ ಮುಚ್ಚಿಕೊಂಡರು, ಊರು ಅವನನ್ನು ತಿಂದು ಹಾಕಿತು. ಮ್ಯಾನೇಜರ್ ಸತ್ತು ಎಷ್ಟೋ ವರ್ಷವಾಯಿತು. ಗೊತ್ತಿದ್ದವರಲ್ಲಿ ಉಳಿದಿರುವುದು ಕ್ಯಾಪ್ಟನ್ ಒಬ್ಬ. ಎಲ್ಲ ಸರಿಹೊಂದುತ್ತಿದೆ.

ಮಾರ್ಚ್ 9, ಶನಿವಾರ, ಬೆಳಗ್ಗೆ 11
ಕ್ಲಬ್ಬಿನ ಹಿಂದೆ ಕ್ಲಿಫರ್ಡ್‌ನ ಕಾರು ನಿಂತಿತ್ತು. ಸುತ್ತ ನೋಡಿದೆ. ಯಾರೂ ಇಲ್ಲ. ಗಾಜಿಗೆ ಹಣೆ ಒತ್ತಿ ಇಣುಕಿದೆ, ಈ ವಯಸ್ಸಿನಲ್ಲಿ! ಹಿಂದಿನ ಸೀಟಿನಲ್ಲಿ ಕಂಬಳಿ. ಕಂಬಳಿಯಡಿ ಹಸಿರು ರಟ್ಟಿನ ಅಂಚು.
ಸಂಜೆ ಅವನ ಮನೆಗೆ ಹೋಗುತ್ತೇನೆ. ಬಿಡುವುದಿಲ್ಲ.

ಮಾರ್ಚ್ 30
ಮೂರು ವಾರ ಪೆನ್ನು ಮುಟ್ಟಲಿಲ್ಲ.

ಆ ಸಂಜೆ ಒಳಗೆ ಹೋದವನೇ, ಕೂರುವ ಮೊದಲೇ, ಎಲ್ಲ ಅಂದುಬಿಟ್ಟೆ. ಹೇಡಿ ಅಂದೆ. ಒಬ್ಬನ ಬದುಕು ತಿಂದು ಅಧ್ಯಕ್ಷನಾದಿರಿ ಅಂದೆ. ಕ್ಲಿಫರ್ಡ್ ಪೂರ್ತಿ ಕೇಳಿದ. ಎದ್ದು ಹೋಗಿ ಪುಸ್ತಕ ತಂದು ನನ್ನ ಮುಂದಿಟ್ಟ.

“ಓದೋದಾದ್ರೆ ಕೂತ್ಕೊಂಡು ಓದು.”

ನವೆಂಬರ್ 23ರ ಕಮಿಟಿ ಸಭೆ. ನೀಲಿ ಶಾಯಿ. ಬಾಯಿಪಾಠವಾಗಿದೆ:

‘ಗುರುವಾರದ ತಾಲೀಮಿನಲ್ಲಿ ರಡ್ಜ್ ಅವರ ಎಡಗೈ ಮೂಳೆ ಮುರಿದಿತ್ತು. ಆಲ್ಸಪ್ ಅವರನ್ನು ಆಡಿಸಲು ನಿರ್ಧಾರವಾಗಿತ್ತು. ಶನಿವಾರ ಬೆಳಗ್ಗೆ ಆಲ್ಸಪ್ ಅವರ ತಾಯಿ ಬಂದು, ಮಗನಿಗೆ ಕಾಯಿಲೆ ಏನೂ ಇಲ್ಲ, ಜನರಿಗೆ ಹೆದರಿ ಹಾಸಿಗೆ ಹಿಡಿದಿದ್ದಾನೆ ಎಂದು ತಿಳಿಸಿದರು. ಆಗ ರಡ್ಜ್ ತಾವೇ ಆಡುವುದಾಗಿ ಹೇಳಿದರು. ಈ ವಿಷಯ ಸಭೆಯಿಂದ ಹೊರಗೆ ಹೋಗಬಾರದೆಂದು ರಡ್ಜ್ ಅವರ ಕೋರಿಕೆ. ಒಪ್ಪಲಾಯಿತು.’

ಆಲ್ಸಪ್ ಎಂದರೆ ನಾನು.

ಅವನ ಕೈ ಮುರಿದದ್ದು ನನಗೆ ಗೊತ್ತಿರಲಿಲ್ಲ. ಶುಕ್ರವಾರ ಮ್ಯಾನೇಜರ್ ಬಂದು ನಾಳೆ ನೀನೇ ಅಂದಾಗ ಯಾಕೆಂದೂ ಕೇಳಿರಲಿಲ್ಲ. ಕೇಳುವ ಮೊದಲೇ ಹೊಟ್ಟೆ ಹಿಡಿದುಕೊಂಡಿದ್ದೆ. ಐವತ್ತೆರಡು ವರ್ಷ ಈ ದಿನಚರಿಗೂ ಸುಳ್ಳೇ ಹೇಳಿದ್ದೇನೆ. ಹೊಟ್ಟೆನೋವು ಇರಲಿಲ್ಲ. ಅಮ್ಮ ಗಂಜಿ ತಂದಿಟ್ಟು ಒಂದು ಮಾತೂ ಆಡದೆ ಹೋಗಿದ್ದು ಯಾಕೆಂದು ಈಗ ತಿಳಿಯಿತು.

“ವಾಲ್ಟರ್ ಏನಂದ ಗೊತ್ತಾ?” ಕ್ಲಿಫರ್ಡ್ ಅಂದ. “ನನಗೆ ಇಪ್ಪತ್ತಾರು, ತಡ್ಕೋತೀನಿ. ಆ ಹುಡುಗನ ಅಪ್ಪ ಸತ್ತು ಇನ್ನೂ ಮೂರು ತಿಂಗಳಾಗಿಲ್ಲ. ಊರಿನವರ ಬಾಯಿಗೆ ಅವನನ್ನ ಹಾಕ್ಬೇಡಿ, ಅಂದ.”
“ಕೋಟಿನ ಮಾತು ಎದ್ದಾಗಲಾದ್ರೂ ನೀವು...”
“ಹೇಳ್ಬೇಕಿತ್ತು. ಹೇಳ್ಲಿಲ್ಲ. ಆ ತಪ್ಪು ನನ್ನದೇ, ನಿನ್ನ ತಲೆಗೆ ಕಟ್ಟಲ್ಲ. ನೀನು ಪುಸ್ತಕ ಬರೀತೀನಿ ಅಂದಾಗ ಹೆದರಿ ಇದನ್ನ ಎತ್ತಿಟ್ಕೊಂಡೆ. ಈಗ ನಿನ್ನ ಕೈಲಿದೆ. ಬೇಕಾದ್ರೆ ಒಲೆಗೆ ಹಾಕು.”

ಮನೆಗೆ ತಂದೆ. ಎರಡು ದಿನ ಒಲೆಯ ಪಕ್ಕದಲ್ಲೇ ಇತ್ತು.

ಏಪ್ರಿಲ್ 6
ಐದನೇ ಅಧ್ಯಾಯ ಬರೆದೆ. ನನ್ನ ಹೆಸರು ಹಾಕಿಯೇ. ಆ ನಡಾವಳಿಯನ್ನೂ ಇದ್ದ ಹಾಗೆ ಸೇರಿಸಿದೆ. ಅಚ್ಚಿಗೆ ಕೊಡುವ ಮೊದಲು ಮೇವಿಸ್ ಓದಬೇಕು ಅಂತ ಒಯ್ದು ಕೊಟ್ಟೆ. ಚಹಾದಂಗಡಿಯಲ್ಲಿ ನಿಂತೇ ಓದಿದಳು. ಅವಳಿಗೂ ಗೊತ್ತಿದ್ದದ್ದು ಕೈ ಮುರಿದದ್ದಷ್ಟೇ. ಯಾಕೆ ಆಡಿದ ಅಂತ ಅಣ್ಣ ತಂಗಿಗೂ ಹೇಳಿರಲಿಲ್ಲ.

ಕನ್ನಡಕ ತೆಗೆದಳು.
“ಮೂವತ್ತು ವರ್ಷ ಇಲ್ಲಿ ನಿಂತೆ ಕಣೋ. ಯಾರಾದ್ರೂ ಒಬ್ರು, ಒಂದು ದಿನ, ನಿಮ್ಮಣ್ಣ ಹೇಗಿದ್ದಾನೆ ಅಂತ ಕೇಳ್ತಾರೇನೋ ಅಂತ. ನೀನೂ ಕೇಳ್ಲಿಲ್ಲ.”
“ಹೇಗಿದ್ದಾನೆ?”
“ಈಗ ಕೇಳ್ಬೇಡ.”

ಹಾಳೆ ಮಡಿಸಿ ಕೈಚೀಲಕ್ಕೆ ಹಾಕಿಕೊಂಡಳು. “ಇದನ್ನ ಅವನಿಗೆ ಕಳಿಸ್ತೀನಿ. ಅಚ್ಚು ಹಾಕ್ಸು. ಒಂದಕ್ಷರ ತೆಗೆದ್ರೆ ನೋಡು.”

ಏಪ್ರಿಲ್ 19
ಪುಸ್ತಕ ಬಂತು. ಊರು ಓದುತ್ತಿದೆ. ಬೇಕರಿಯಲ್ಲಿ ನಾನು ಹೋದೊಡನೆ ಮಾತು ನಿಲ್ಲುತ್ತದೆ. ನನ್ನ ಬಗ್ಗೆಯೇ ಇರಬೇಕು. ಅಥವಾ ಅಲ್ಲವೇನೋ, ಎಲ್ಲದರಲ್ಲೂ ಹುಳುಕು ಹುಡುಕುವ ಚಟ ನನಗೆ. ಪಬ್ಬಿನಲ್ಲಿ ಒಬ್ಬ ನನ್ನ ಪಕ್ಕದಿಂದ ಎದ್ದು ಬೇರೆ ಕಡೆ ಕೂತ. ಇದು ಮಾತ್ರ ಅನುಮಾನವಲ್ಲ.

ಗ್ರಿಮ್ಸ್‌ಬಿಯಿಂದ ನನಗೇನೂ ಬಂದಿಲ್ಲ. ಕೊನೆಯ ಪಂದ್ಯಕ್ಕೆ ಬಾ ಎಂದ ಮೇವಿಸ್‌ಗೆ ಬರುವುದಿಲ್ಲ ಅಂದನಂತೆ. ಕ್ಲಿಫರ್ಡ್ ಅವನಿಗೆ ಎರಡು ಸಲ ಫೋನ್ ಮಾಡಿದ, ವಾಲ್ಟರ್ ಎತ್ತಲಿಲ್ಲ. ಎತ್ತಬೇಕಾದರೂ ಯಾಕೆ?

ಏಪ್ರಿಲ್ 27, ಶನಿವಾರ, ಅರ್ಧಾವಧಿ ವಿರಾಮ
ಕೊನೆಯ ಪಂದ್ಯ. 1–1. ಆರುನೂರು ಜನ. ಪುಸ್ತಕದ ಮೇಜಿನ ಹಿಂದೆ ಕೂತು ಬರೆಯುತ್ತಿದ್ದೇನೆ.

ಇಪ್ಪತ್ತು ನಿಮಿಷದಿಂದ ಎದುರಿನ ಗೋಲಿನ ಹಿಂದೆ ಒಬ್ಬ ಮುದುಕ. ಸ್ಟ್ಯಾಂಡಿನಲ್ಲಿ ಜಾಗವಿದ್ದರೂ ಅಲ್ಲೇ ಒಬ್ಬನೇ. ಟೋಪಿ ಕಣ್ಣಿನವರೆಗೆ. ಎತ್ತರದ ಆಳು. ಯಾಕೆ ಬಂದಿರಬಹುದು? ಎಲ್ಲರೆದುರು ನನ್ನನ್ನು ಕೇಳಲಿಕ್ಕೋ? ಸುಮ್ಮನೆ ಪಂದ್ಯ ನೋಡಲಿಕ್ಕೋ?

ಮೇವಿಸ್ ಸಾಲನ್ನು ನಿಲ್ಲಿಸಿ, ಎರಡು ಕಪ್ ಚಹಾ ಹಿಡಿದು ಇಳಿಜಾರಿನಲ್ಲಿ ಅವನ ಕಡೆ ನಡೆದಳು. ಈಗ ಇಬ್ಬರೂ ನಿಂತಿದ್ದಾರೆ. ಅವಳು ತಿರುಗಿ ನನ್ನ ಮೇಜನ್ನು ತೋರಿಸುತ್ತಿದ್ದಾಳೆ.

ಟೋಪಿ ತೆಗೆದ. ನೋಡುತ್ತಿದ್ದಾನೆ.

ಎದ್ದು ಹೋಗಬೇಕು. ಅವನಾಗಿ ಇಲ್ಲಿವರೆಗೆ ಬರುವಂತೆ ಮಾಡಬಾರದು. ಅರ್ಧ ಮೈದಾನ ದಾಟುವಷ್ಟರಲ್ಲಿ ಮೊದಲ ಮಾತು ಹೊಳೆಯಬೇಕು. ಕ್ಷಮಿಸು ಅಂತ ಶುರು ಮಾಡಿದರೆ ಬಹಳ ಸುಲಭವಾಯಿತು. ಹೇಗಿದ್ದೀಯ ಅಂತಲೇ ಕೇಳಿ, ಆಮೇಲೆ

ಅವನೇ ಈ ಕಡೆ ಹೊರಟ. ನಾನು