ಒಂದು ಪುಟದಲ್ಲಿ ನಾವಿಬ್ಬರು

ಕೊಡಿಗೇಹಳ್ಳಿ, ಬೆಂಗಳೂರು
ಭಾನುವಾರ, ೧೬ ಫೆಬ್ರವರಿ ೨೦೨೫

ಪ್ರೀತಿಯ ಸುಗ್ರಾ,

ಹೇಗಿದ್ದೀಯಾ? ಅಬ್ಬಾಜಿ ಕಾಲು ಈಗ ಹೇಗಿದೆ? ಕೋಲಿಲ್ಲದೆ ಓಡಾಡ್ತಾರಾ? ದೀಪಾವಳಿ ಮುಗಿದ ಮೇಲೆ ಬರೀತೀನಿ ಅಂದ್ಕೊಂಡವಳು, ಸಂಕ್ರಾಂತಿನೂ ಕಳೆದು ಈಗ ಕೂತಿದ್ದೀನಿ. ತಡ ಆಯ್ತು, ಬೈಬೇಡ. ಮೆಸೇಜ್ ಹಾಕೋಣ ಅಂತ ಎಷ್ಟೋ ಸಲ ಫೋನ್ ಕೈಗೆ ತಗೊಂಡೆ. ಎರಡು ಸಾಲು ಬರೆಯೋದು, ಅಳಿಸೋದು. ಕೊನೆಗೆ ಇವತ್ತು ಹೋಗಿ ಇನ್‌ಲ್ಯಾಂಡ್ ಲೆಟರ್ ಕೇಳಿದೆ. ಅಂಗಡಿಯವನು ನನ್ನ ಮುಖ ನೋಡಿ, ಬಿಳಿ ಹಾಳೆ ಮತ್ತು ಒಂದು ಕವರ್ ಕೊಟ್ಟ.

ಆರ್.ಟಿ. ನಗರದಲ್ಲಿ ನಾವಿಬ್ಬರೂ ಇದ್ದ ಮನೆ ಬಿಟ್ಟೆ ಕಣೇ. ಅಷ್ಟು ದೊಡ್ಡ ಮನೆ ಒಬ್ಬಳಿಗೆ ಯಾಕೆ? ಈಗ ಕೊಡಿಗೇಹಳ್ಳಿಯಲ್ಲಿ ದ್ರೌಪದಮ್ಮ ಅನ್ನೋರ ಮನೆ ಮಹಡಿ ಮೇಲೆ ಒಂದು ರೂಮು. ಇಲ್ಲೆಲ್ಲ ರಾಗಿ ಹೊಲ ಇದ್ದ ಕಾಲದಿಂದ ಅವರು ಇಲ್ಲೇ ಇರೋರು. ಸಂಜೆ ಆದ್ರೆ ಮೆಟ್ಟಿಲ ಹತ್ತಿರ ನಿಂತು, "ಏನವ್ವಾ, ಇಂಗೆ ಒಬ್ಳೇ ಕುಂತ್ಕಂಡ್ರೆ ಎಂಗೆ? ಕೆಳೀಕೆ ಬಾ, ಮುದ್ದೆ ಮಾಡಿವ್ನಿ" ಅಂತ ಕೂಗ್ತಾರೆ. ಹೋಗ್ತೀನಿ. ಅವರು ಧಾರಾವಾಹಿ ನೋಡ್ತಾರೆ, ನಾನು ಉಣ್ತೀನಿ. ಮೇಲೆ ಬಂದ್ರೆ ಏರ್‌ಪೋರ್ಟ್ ರೋಡಿನ ಸದ್ದು ಒಂದೇ. ಕೆಲವು ದಿನ ಬೆಳಗ್ಗಿಂದ ಯಾರ ಜೊತೆನೂ ಮಾತಾಡಿರಲ್ಲ. ಸಂಜೆ ತರಕಾರಿ ಅಂಗಡಿಯಲ್ಲಿ ಬಾಯಿ ತೆಗೆದಾಗ ಸ್ವರವೇ ಹೊರಡಲ್ಲ.

ಅಕ್ಟೋಬರ್‌ನಿಂದ ಕೆಲಸ ಹುಡುಕ್ತಿದ್ದೆ, ಕನ್ಸಲ್ಟಿಂಗ್ ಕಂಪನಿಗಳಲ್ಲಿ. ಇನ್ನೊಬ್ಬರ ಕಂಪನಿಗೆ ಹೋಗಿ, ಅಲ್ಲಿ ಎಲ್ಲಿ ಎಡವಟ್ಟಾಗಿದೆ ಅಂತ ನೋಡಿ ಹೇಳೋ ಕೆಲಸ. ನಗಬೇಡ. ನಮ್ಮ ಕಾಲೇಜಿನ ಸೀನಿಯರ್ ಅನಿಕೇತ್ ನೆನಪಿದಾನಲ್ಲ, ಅವನು ಹೆಬ್ಬಾಳದಲ್ಲಿ ಅಂಥ ಒಂದು ಕಂಪನಿಯಲ್ಲೇ ಇದಾನೆ. ರೆಸ್ಯೂಮೆ ನೋಡಿಕೊಡು ಅಂದಿದ್ದಕ್ಕೆ ಆಫೀಸಿನ ಕೆಳಗಿನ ಕಾಫಿ ಅಂಗಡಿಗೆ ಕರೆದ.

ನಾನು ಮೂರು ಪುಟ ಬರ್ಕೊಂಡು ಹೋಗಿದ್ದೆ. "ಒಂದೇ ಪುಟ ಮಹತಿ. ಅವರು ಅರ್ಧ ನಿಮಿಷನೂ ನೋಡಲ್ಲ" ಅಂದ. ಸಂಗೀತ ಜೂನಿಯರ್ ಪಾಸಾಗಿದ್ದು ಹೋಯ್ತು. ಕಾಲೇಜಿನ ನಾಟಕ ಹೋಯ್ತು. 'ಉರ್ದು ಓದಲು ಬರುತ್ತದೆ' ಅನ್ನೋ ಸಾಲಿಗೆ ಬಂದವನು, "ಎಷ್ಟು ಬರುತ್ತೆ?" ಅಂದ. "ಅಂಗಡಿ ಬೋರ್ಡ್ ಓದೋಷ್ಟು" ಅಂದೆ. ಅದೂ ಹೋಯ್ತು. ನೀನು ಶಿವಾಜಿನಗರದ ಬಸ್ಸಲ್ಲಿ ಕಿಟಕಿ ಪಕ್ಕ ಕೂರಿಸಿಕೊಂಡು ಕಲಿಸಿದ್ದು ಅಂತ ಅವನಿಗೆ ಹೇಗೆ ಹೇಳಲಿ?

ಉಳಿದಿದ್ದು ನಮ್ಮ 'ತೊಟ್ಟಿಲು' ಒಂದೇ. ಅದನ್ನ ಅವನು ಎರಡು ಸಲ ಓದಿದ. "ಗೊರಗುಂಟೆಪಾಳ್ಯದಲ್ಲಿ ಗಾರ್ಮೆಂಟ್ಸ್ ಹೆಂಗಸರ ಮಕ್ಕಳಿಗೆ ಡೇ ಕೇರ್. ಮೊದಮೊದಲು ಮಕ್ಕಳೇ ಬರ್ತಿರಲಿಲ್ಲ, ಬೆಳಗ್ಗೆ ಏಳಕ್ಕೇ ಬಾಗಿಲು ತೆಗೆಯೋಕೆ ಶುರು ಮಾಡಿದ ಮೇಲೆ ಜಾಗ ಸಾಲದೆ ಹೋಯ್ತು. ಇದು ಬಂಗಾರ ಗುರು! ಇದನ್ನೇ ಮೇಲೆ ಹಾಕು. ಆದ್ರೆ ಇದೇನು ಎಲ್ಲ ಕಡೆ ನಾವು, ನಾವು? ರೆಸ್ಯೂಮೆಯಲ್ಲಿ ನಾವು ಇರಲ್ಲ. ಏಳಕ್ಕೆ ತೆಗಿಬೇಕು ಅಂತ ಯಾರಿಗೆ ಹೊಳೆದಿದ್ದು?"

"ಸುಗ್ರಾಗೆ."

"ಅವಳೂ ಈ ಕೆಲಸಕ್ಕೆ ಅಪ್ಲೈ ಮಾಡ್ತಿದಾಳಾ?"

"ಇಲ್ಲ. ಊರಿಗೆ ಹೋದ್ಲು. ಸಿಂದಗಿಯಲ್ಲಿ ಅವರಪ್ಪನ ಬಟ್ಟೆ ಅಂಗಡಿ ನೋಡ್ಕೋತಿದಾಳೆ."

"ಮತ್ತಿನ್ನೇನು ಕಷ್ಟ? 'ನಾನು' ಅಂತ ಬರಿ. ಯಾರಿಗೂ ನಷ್ಟ ಇಲ್ಲ. ಇನ್ನೊಂದು ಮಾತು, ಮುಚ್ಚಿತು ಅಂತ ಬರೀಬೇಡ. ಯೋಜನೆ ಪೂರ್ಣಗೊಂಡಿತು ಅಂತ ಹಾಕು."

ಓನರ್ ಕಟ್ಟಡ ಮಾರಿದ್ದು, ನಾವು ಯಶವಂತಪುರದ ಗಲ್ಲಿಗಲ್ಲಿ ಸುತ್ತಿದ್ರೂ ಬೇರೆ ಜಾಗ ಸಿಗದೆ ಹೋಗಿದ್ದು, ಎಲ್ಲ ಸೇರಿ 'ಪೂರ್ಣಗೊಂಡಿತು'. ಕೊನೇ ದಿನ ಬೀಗ ಹಾಕ್ತಾ ನೀನು ಏನಂದೆ ನೆನಪಿದೆಯಾ? "ನಿನಗೇನ್ ಬಿಡಲೇ, ನಾಳೆ ಇದು ನಿನ್ನ ರೆಸ್ಯೂಮೆದಾಗ ಒಂದ್ ಸಾಲ ಆಗ್ತದ." ಆಗ ನಾನು ಕೆಲಸದ ಯೋಚನೆನೇ ಮಾಡಿರಲಿಲ್ಲ ಕಣೇ. ಮುಂದೇನು ಅಂತ ನೀನು ಕೇಳ್ತೀಯ, ಇಬ್ಬರೂ ಕೂತು ಯೋಚಿಸ್ತೀವಿ ಅಂತ ಕಾಯ್ತಿದ್ದೆ. ನೀನು ಬ್ಯಾಗ್ ತಗೊಂಡು ಬಸ್‌ಸ್ಟ್ಯಾಂಡಿಗೆ ಹೊರಟೆ.

ಅನಿಕೇತ್ ಹೇಳಿದ ಹಾಗೆ ಮನೆಯಲ್ಲಿ ಕೂತು ಟೈಪ್ ಮಾಡಿ ನೋಡಿದೆ. 'ನಾನು ಸ್ಥಾಪಿಸಿದೆ. ನಾನು ಸಮಯ ಬದಲಿಸಿದೆ.' ಓದಿದ್ರೆ ಯಾರೋ ಬೇರೆ ಹೆಂಗಸಿನ ಕಥೆ. ಅದರಲ್ಲಿ ಅವಳೊಬ್ಬಳೇ ಆ ದೊಡ್ಡ ರೂಮಲ್ಲಿ ಮಕ್ಕಳ ಮಧ್ಯೆ ನಿಂತಿದ್ದಳು. ಹೆದರಿಕೆ ಆಯ್ತು. ಅಳಿಸಿ, 'ಸುಗ್ರಾ ಮತ್ತು ನಾನು ಸೇರಿ ಕಟ್ಟಿದ್ದು. ಸಮಯ ಬದಲಿಸುವ ಯೋಚನೆ ಸುಗ್ರಾಳದು. ಕಟ್ಟಡ ಮಾರಾಟವಾಗಿ ಮುಚ್ಚಬೇಕಾಯಿತು' ಅಂತ ಬರೆದೆ. ಅನಿಕೇತ್‌ಗೆ ಕಳಿಸಿದ್ರೆ, "ನಿನ್ನಿಷ್ಟ. ನಿನ್ನ ಕಾಲ ಮೇಲೆ ನೀನೇ ಕಲ್ಲು ಹಾಕ್ಕೋತಿದ್ದೀಯ" ಅಂದ.

ಅವನು ಹೇಳಿದ್ದು ಪೂರ್ತಿ ಸುಳ್ಳೂ ಆಗಲಿಲ್ಲ. ಕಳಿಸಿದ ಕಡೆಯಿಂದೆಲ್ಲ ಮೌನ. ಜನವರಿ ಕೊನೆಗೆ ಯಲಹಂಕದ ಒಂದು ಚಿಕ್ಕ ಕಂಪನಿಯಿಂದ ಕರೆ ಬಂತು. ಮೇಜಿನ ಆಚೆ ಇದ್ದವರು ಶಿಲ್ಪ ಅಂತ, ನಮಗಿಂತ ಹತ್ತು ವರ್ಷ ದೊಡ್ಡವರಿರಬಹುದು. ರೆಸ್ಯೂಮೆ ಮೇಲೆ ಬೆರಳಿಟ್ಟು ಕೇಳಿದ್ರು, "ತಮ್ಮ ರೆಸ್ಯೂಮೆಯಲ್ಲಿ ಇನ್ನೊಬ್ಬರ ಹೆಸರು ಹಾಕಿದೋರನ್ನ ನಾನು ನೋಡಿಲ್ಲ. ಯೋಚನೆ ಅವರದು, ಸರಿ. ಹಾಗಾದ್ರೆ ನೀವೇನು ಮಾಡಿದ್ರಿ?"

ಮೊದಲಿಂದ ಹೇಳ್ತಾ ಹೋದೆ. ನೀನು ಸರ್ಕಲ್ಲಲ್ಲಿ ನಿಂತು ನೋಡಿ ಬಂದು, "ತಾಯಂದ್ರು ಏಳಕ್ಕೇ ಬಸ್ ಇಳೀತಾರ, ನಾವು ಒಂಬತ್ತಕ್ಕ ಬಾಗ್ಲಾ ತಗದ್ರ ಕೂಸುಗಳ್ನ ಎಲ್ಲಿ ಇಡ್ಬೇಕ ಅವರು?" ಅಂತ ರೇಗಿದ್ದು. ಆದ್ರೆ ಏಳಕ್ಕೆ ಬರೋಕೆ ನಮ್ಮ ಆಯಾ ರತ್ನಕ್ಕ ಒಪ್ಪಲಿಲ್ಲವಲ್ಲ, ಅವರ ಮಗಳನ್ನ ಸ್ಕೂಲಿಗೆ ಬಿಡೋರು ಯಾರೂ ಇರಲಿಲ್ಲ. ಆ ವರ್ಷವೆಲ್ಲ ಆ ಹುಡುಗಿಗೆ ಜಡೆ ಹಾಕಿ, ಸ್ಕೂಲಿಗೆ ಬಿಟ್ಟು ಬರ್ತಿದ್ದೋಳು ನಾನು.

"ಇದನ್ನ ಯಾಕೆ ಬರೀಲಿಲ್ಲ?" ಅಂದ್ರು.

"ಇದು ಕೆಲಸ ಅಂತ ಅನ್ನಿಸಲಿಲ್ಲ ಮೇಡಂ."

ಅವರು ಪೆನ್ನು ತಗೊಂಡು ಅಂಚಲ್ಲಿ ಏನೋ ಬರ್ಕೊಂಡ್ರು. ಹೊರಡುವಾಗ ಸುಮ್ಮನೆ, "ನಿಮ್ಮ ಫ್ರೆಂಡ್ ಈಗ ಹೇಗಿದಾರೆ?" ಅಂತ ಕೇಳಿದ್ರು. "ಚೆನ್ನಾಗಿದಾಳೆ ಮೇಡಂ" ಅಂದೆ, ನಿನ್ನೆ ತಾನೇ ನಿನ್ನ ಜೊತೆ ಮಾತಾಡಿದ ಹಾಗೆ. ಲಿಫ್ಟಲ್ಲಿ ಬರುವಾಗ ಮಾತ್ರ ಕಣ್ಣು ತುಂಬಿಬಿಡ್ತು.

ಕೆಲಸ ಸಿಕ್ತು ಸುಗ್ರಾ. ಮಾರ್ಚ್‌ನಿಂದ ಹೋಗಬೇಕು. ಫೋನಲ್ಲಿ ಅವರು ಹೇಳಿದಾಗ ತಿರುಗಿ ನೋಡಿದೆ, ನಿನಗೆ ಹೇಳೋಕೆ. ಗೋಡೆ ಮೇಲೆ ನನ್ನ ಒದ್ದೆ ಟವೆಲ್ ನೇತಾಡ್ತಿತ್ತು. ಕೆಳಗೆ ಹೋಗಿ ದ್ರೌಪದಮ್ಮಂಗೆ ಹೇಳಿದೆ. "ಒಳ್ಳೇದಾತು ಬಿಡವ್ವಾ, ಊಟಕ್ಕೆ ಬರಾದ್ ಮಾತ್ರ ತಪ್ಪಿಸ್ಬ್ಯಾಡ" ಅಂತ ತಲೆ ನೇವರಿಸಿದ್ರು.

ಕಂಪನಿಯವರು ನನ್ನ ಜೊತೆ ಕೆಲಸ ಮಾಡಿದವರೊಬ್ಬರ ಹೆಸರು, ನಂಬರ್ ಕೇಳಿದ್ರು. ನಿನ್ನದೇ ಕೊಟ್ಟಿದ್ದೀನಿ. ಅವರು ಫೋನ್ ಮಾಡಿದ್ರೆ ನಿನಗೆ ಅನ್ನಿಸಿದ್ದನ್ನೇ ಹೇಳು. ಹೊಗಳಬೇಕು ಅಂತೇನೂ ಇಲ್ಲ.

ಅಬ್ಬಾಜಿಗೆ ನನ್ನ ಸಲಾಂ ಹೇಳು. ಅಂಗಡಿ ಚೆನ್ನಾಗಿ ನಡೀಲಿ. ನೀನು ಕೈ ಹಾಕಿದ್ದೆಲ್ಲ ಕೂಡಿಬರಲಿ, ನಿನ್ನ ಮನೆಯಲ್ಲಿ ಯಾವಾಗಲೂ ನಗು ಇರಲಿ. ಹೊತ್ತಿಗೆ ಸರಿಯಾಗಿ ಊಟ ಮಾಡು.

ನಿನ್ನ
ಮಹತಿ

ಮರೆತಿದ್ದೆ: ಮೊನ್ನೆ ಸ್ವೀಟ್ ಕೊಡೋಕೆ ರತ್ನಕ್ಕನ ಮನೆಗೆ ಹೋಗಿದ್ದೆ. ಡಿಸೆಂಬರ್‌ನಲ್ಲಿ ನಿನ್ನ ಮದುವೆಗೆ ಸಿಂದಗಿಗೆ ಹೋಗಿದ್ರಂತೆ, ಮೊಬೈಲಲ್ಲಿ ಫೋಟೋ ತೋರಿಸಿದಾಗಲೇ ನನಗೆ ಗೊತ್ತಾಗಿದ್ದು. ಕೆಂಪು ದುಪಟ್ಟಾದಲ್ಲಿ ತುಂಬಾ ಚೆಂದ ಕಾಣ್ತಿದ್ದೀಯ. ಪಕ್ಕದಲ್ಲಿದ್ದ ನಿನ್ನ ಯಜಮಾನರ ಹೆಸರೇನು ಅಂತ ಕೇಳೋಕೆ ನನಗೆ ಬಾಯಿ ಬರಲಿಲ್ಲ. "ನಿಂಗೆ ಜ್ವರ ಬಂದು ಬರೋಕಾಗ್ಲಿಲ್ಲ ಅಂತ ಸುಗ್ರಾ ಹೇಳಿದ್ಲು, ಈಗ ಹುಷಾರಾದ್ಯಾ?" ಅಂತ ರತ್ನಕ್ಕ ಕೇಳಿದ್ರು. ಹೌದು ರತ್ನಕ್ಕ, ಜ್ವರ ಜಾಸ್ತಿ ಇತ್ತು ಅಂದೆ.